ಮಾವನ ನಾಲ್ಕು ಲಾಗ್‌ಬುಕ್

ಮಾವ ತೀರಿಕೊಂಡ ಮೂರನೇ ದಿನ ಪ್ರಿಂಟಿಂಗ್ ಪ್ರೆಸ್ಸಿನಿಂದ ಫೋನ್ ಬಂತು. ಶಿವಗಣಾರಾಧನೆಯ ಕಾರ್ಡಿನಲ್ಲಿ ಹೆಸರಿನ ಕೆಳಗೆ ಏನು ಹಾಕಬೇಕು ಅಂತ ಕೇಳಿದರು. "ನಿವೃತ್ತ ಪೈಲಟ್ ಅನ್ನಲೋ, ಮಾಜಿ ಸೈನಿಕರು ಅನ್ನಲೋ? ಎರಡೂ ಹಾಕಿದ್ರೆ ಫೋಟೋ ಸಣ್ಣದಾಗ್ತದೆ ನೋಡ್ರಿ."

ನಾನು ಅತ್ತೆಯ ಮುಖ ನೋಡಿದೆ. "ಫೋಟೋ ಸಣ್ಣದಾಗಲಿ" ಅಂದರು.

ಅವತ್ತೇ ಸಂಜೆ ಇನ್ನೊಂದು ಕೆಲಸ ನನ್ನ ಕೊರಳಿಗೆ ಬಿತ್ತು. ಹನ್ನೊಂದನೇ ದಿನ ಊಟಕ್ಕೆ ಮುಂಚೆ ಯಾರಾದರೂ ಮಾವನ ಬಗ್ಗೆ ನಾಲ್ಕು ಮಾತು ಆಡಬೇಕು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರು ಅಂದಮೇಲೆ ಮಾತಾಡೋಕೆ ಬಂದೇ ಬರುತ್ತೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ.

ಆದರೆ ನನಗೆ ಗೊತ್ತಿದ್ದದ್ದೇನು? ಮಾವ ನಮ್ಮಮ್ಮನ ಅಣ್ಣ. ವಾರ್ಡ್ಲಾ ಹೈಸ್ಕೂಲಿನಲ್ಲಿ ಓದಿದವರು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ, ಆಮೇಲೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಹದಿನೈದು ವರ್ಷ. ಆಮೇಲೆ ಬಳ್ಳಾರಿಯ ಗಾಂಧಿನಗರದ ಮನೆ, ಬಿಳಿ ಬನಿಯನ್ನು, ಬೆಳಗಿನ ವಾಕಿಂಗು. ಅಷ್ಟೇ. ಉಳಿದದ್ದೆಲ್ಲ ಬೀದಿಯ ಬಾಯಿಂದ ಕೇಳಿದ್ದು. ಒಬ್ಬರು ಮಾವ ಕರಾಚಿಗೆ ಬಾಂಬ್ ಹಾಕಿದ್ದರು ಅಂತಾರೆ. ಇನ್ನೊಬ್ಬರು ಇಂದಿರಾ ಗಾಂಧಿಯವರ ವಿಮಾನ ಓಡಿಸಿದ್ದರು ಅಂತಾರೆ. ಮಾವನಿಗೆ ಇವೆಲ್ಲ ಕಿವಿಗೆ ಬೀಳುತ್ತಿದ್ದವು. ಹೂಂ ಅನ್ನುತ್ತಿರಲಿಲ್ಲ, ಊಹೂಂ ಅಂತಲೂ ಅನ್ನುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಥೆ ಅಜ್ಜಿಯದು. ಅಮ್ಮನ ಮದುವೆಗೆ ಮಾವನಿಗೆ ರಜೆ ಸಿಗಲಿಲ್ಲವಂತೆ. "ಅದಕ್ಕ ವಿಮಾನದಾಗ ಬಂದು, ಗುಡ್ಡಕ್ಕ ಎರಡು ಸುತ್ತು ಹೊಡೆದು, ಮ್ಯಾಲಿಂದನ ಅಕ್ಕಿಕಾಳು ಹಾಕಿ ಹೋದ ನನ್ನ ಮಗ" ಅನ್ನುತ್ತಿದ್ದಳು ಅಜ್ಜಿ. ಗುಡ್ಡ ಅಂದರೆ ನಮ್ಮ ಕೋಟೆ ಗುಡ್ಡ. ಈ ಕಥೆ ಕೇಳದ ನೆಂಟರು ನಮ್ಮಲ್ಲಿ ಯಾರೂ ಇಲ್ಲ. ಮಾತಾಡಲು ನಿಂತರೆ ಇದನ್ನು ಹೇಳಲೇಬೇಕು. ಆದರೆ ಇದು ನಿಜವಾ?

ಅತ್ತೆ ಒಂದು ಕೀ ತಂದು ಕೈಗೆ ಕೊಟ್ಟರು. "ಟ್ರಂಕಿನಾಗ ಅವರ ಪುಸ್ತಕ ಅದಾವ. ಅವರು ಬದುಕಿದ್ದಾಗ ಯಾರೂ ಮುಟ್ಟಿಲ್ಲ. ಈಗ ನೋಡು."

ಕಪ್ಪು ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಸರ್ವೀಸ್ ನಂಬರು. ಒಳಗೆ ನುಸಿಗುಳಿಗೆ ವಾಸನೆ. ಮೆಡಲ್‌ಗಳ ಒಂದು ಡಬ್ಬಿ ಇತ್ತು. ಅದರಲ್ಲಿ 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಕಂಡಿತು. ಪಶ್ಚಿಮದವರಿಗೆ ಕೊಟ್ಟದ್ದು ಪಶ್ಚಿಮಿ ಸ್ಟಾರ್. ಹಾಗಾಗಿ ಕರಾಚಿಯ ಬಾಂಬು ಅಲ್ಲೇ ಠುಸ್ ಅಂತು. ಪೈಲಟ್ ಲೈಸೆನ್ಸಿನ ಪುಟ್ಟ ಪುಸ್ತಕ. ದುಂಡನೆಯ ಲೋಹದ ಸ್ಲೈಡ್ ರೂಲ್ ಒಂದು, ಗಾಳಿಯ ವೇಗ, ದಿಕ್ಕು, ದಾರಿಯ ಹೊತ್ತು ಲೆಕ್ಕ ಹಾಕುವಂಥದ್ದು. ಅದು ನನಗೆ ಗುರುತಿತ್ತು. ಚಿಕ್ಕವನಿದ್ದಾಗ ರಜೆಯಲ್ಲಿ ಮಾವ ಅದನ್ನು ತಿರುಗಿಸಿ ತೋರಿಸುತ್ತಿದ್ದರು. ನಾನು ಗಣಿತಕ್ಕೆ ಬಿದ್ದದ್ದು ಆ ಚಕ್ರದಿಂದಲೇ ಇರಬೇಕು. ಅದರ ಕೆಳಗೆ ನಾಲ್ಕು ಲಾಗ್‌ಬುಕ್.

ಲಾಗ್‌ಬುಕ್ ನೋಡದವರಿಗೆ ಒಂದು ಮಾತು. ಅದು ಡೈರಿ ಅಲ್ಲ, ಕಿರಾಣಿ ಅಂಗಡಿಯ ಖಾತೆ ಪುಸ್ತಕದ ಹಾಗೆ. ಅಡ್ಡ ಗೆರೆ, ಉದ್ದ ಗೆರೆ. ತಾರೀಕು, ವಿಮಾನದ ಜಾತಿ, ಅದರ ನಂಬರು, ಯಾರು ಕ್ಯಾಪ್ಟನ್, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆ ಎಷ್ಟು ನಿಮಿಷ. ಹಗಲಿನ ಹಾರಾಟಕ್ಕೆ ಕಪ್ಪು ಇಂಕು, ರಾತ್ರಿಯದಕ್ಕೆ ಕೆಂಪು. ಪ್ರತಿ ತಿಂಗಳ ಕೊನೆಗೆ ಮೊತ್ತ, ಅದರ ಕೆಳಗೆ ಮೇಲಧಿಕಾರಿಯ ಸಹಿ. ಕೊನೆಯ ಕಾಲಂ ಷರಾ. ಅಲ್ಲಿ ಪುಟ ಪುಟಕ್ಕೂ ಒಂದೇ: ಡಿ.ಸಿ.ಓ., ಡಿ.ಸಿ.ಓ., ಡಿ.ಸಿ.ಓ.

ಎರಡು ರಾತ್ರಿ ಕೂತರೂ ನನಗೆ ತಲೆಬುಡ ತಿಳಿಯಲಿಲ್ಲ. ಮಾವನ ಫೋನ್ ಡೈರಿಯಲ್ಲಿ ಬೆಂಗಳೂರಿನ ಒಬ್ಬ ಹಿರಿಯರ ನಂಬರ್ ಇತ್ತು. ಮಾವನ ಜೊತೆ ಒಂದೇ ಸ್ಕ್ವಾಡ್ರನ್ನಿನಲ್ಲಿದ್ದವರು. ಫೋನ್ ಮಾಡಿ ಸುದ್ದಿ ಹೇಳಿದೆ. ಆಚೆ ಕಡೆ ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ ನನ್ನ ಕಷ್ಟ ಹೇಳಿಕೊಂಡೆ. "ಡಿ.ಸಿ.ಓ. ಅಂದ್ರೆ ಡ್ಯೂಟಿ ಕ್ಯಾರೀಡ್ ಔಟ್. ಹೇಳಿದ ಕೆಲಸ ಮುಗೀತು ಅಂತ. ಅದಕ್ಕಿಂತ ಜಾಸ್ತಿ ಬರೆಯೋ ರೂಢಿ ಇಲ್ಲ" ಅಂದರು. ಅಲ್ಲಿಂದ ಮುಂದೆ ದಿನಾ ರಾತ್ರಿ ಎಂಟೂವರೆಗೆ ಅವರಿಗೆ ಫೋನು. ನಾನು ಸಾಲು ಓದುತ್ತಿದ್ದೆ, ಅವರು ಬಿಡಿಸಿ ಹೇಳುತ್ತಿದ್ದರು.

ಮೊದಲ ಪುಸ್ತಕದ ಮೊದಲ ಪುಟ ಬೀದರ್. ನಮ್ಮ ಬೀದರ್! ವಿಮಾನ ಎಚ್‌ಟಿ-2. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಹುಟ್ಟಿ 1951ರಲ್ಲಿ ಮೊದಲ ಸಲ ಹಾರಿದ್ದು, ಇಬ್ಬರು ಕೂರುವ ಪುಟ್ಟ ವಿಮಾನ. ಅದರಲ್ಲಿ ಹನ್ನೆರಡು ಗಂಟೆ ಕಲಿತ ಮೇಲೆ ಮಾವ ಒಬ್ಬರೇ ಹಾರಿದ್ದಾರೆ, ಹತ್ತು ನಿಮಿಷ. ಆ ಒಂದು ಸಾಲಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ. ನಾಲ್ಕು ಪುಸ್ತಕದಲ್ಲಿ ಗೆರೆ ಎಳೆದ ಸಾಲು ಅದೊಂದೇ. ಆಮೇಲೆ ಜೋಧಪುರ, ಆಮೇಲೆ ಹೈದರಾಬಾದಿನ ಬೇಗಂಪೇಟೆ. 1964ರಲ್ಲಿ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ. ಫೈಟರ್ ಅಲ್ಲ, ಟ್ರಾನ್ಸ್‌ಪೋರ್ಟ್. ಸಾಮಾನು ಹೊರುವ ಡಕೋಟಾ.

ನಿಜ ಹೇಳಬೇಕು ಅಂದ್ರೆ ನನಗೆ ಸ್ವಲ್ಪ ನಿರಾಸೆ ಆಯಿತು. ಸಾಮಾನಿನ ವಿಮಾನವಾ ಅಂದುಬಿಟ್ಟೆ ಫೋನಿನಲ್ಲಿ. ಹಿರಿಯರಿಗೆ ಸಿಟ್ಟು ಬಂತು. "ಅಲ್ರೀ, ಗುಡ್ಡದ ಮೇಲಿನ ಪೋಸ್ಟಿನಲ್ಲಿ ಸಿಪಾಯಿ ಏನು ಗುಂಡು ತಿಂದುಕೊಂಡು ಇರ್ತಾನಾ?"

ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಂಡೆ. ಅಸ್ಸಾಮಿನ ಜೋರ್ಹಾಟ್ ನೆಲೆ. ಆಗಿನ ನೇಫಾ, ಈಗಿನ ಅರುಣಾಚಲ. ರಸ್ತೆ ಇಲ್ಲದ ಕಣಿವೆಗಳು. ಅಲ್ಲಿನ ಪೋಸ್ಟುಗಳಿಗೆ ಅಕ್ಕಿ, ಬೇಳೆ, ಹಿಟ್ಟು, ಸೀಮೆಎಣ್ಣೆ ಎಲ್ಲವೂ ಮೇಲಿಂದಲೇ. ಡಕೋಟಾದ ಬಾಗಿಲು ಕಳಚಿ ನೆಲದಲ್ಲೇ ಬಿಟ್ಟು ಹೋಗುವುದು. ಕಣಿವೆಯೊಳಗೆ ಇಳಿದು, ಸಣ್ಣ ಮೈದಾನದ ಮೇಲೆ ಬಂದ ತಕ್ಷಣ ಪೈಲಟ್ ಸನ್ನೆ ಕೊಡುತ್ತಾನೆ, ಹಿಂದೆ ನಿಂತ ಸೈನಿಕರು ಮೂಟೆ ದೂಡುತ್ತಾರೆ. ಒಂದು ಸುತ್ತಿಗೆ ಎಲ್ಲ ಮುಗಿಯುವುದಿಲ್ಲ. ಮತ್ತೆ ತಿರುಗಬೇಕು, ಮತ್ತೆ ಅದೇ ಗುಡ್ಡಗಳ ನಡುವೆ ನುಗ್ಗಬೇಕು. ಎಣ್ಣೆಯಂಥದ್ದಕ್ಕೆ ಪ್ಯಾರಾಚೂಟ್. ಅಕ್ಕಿಗೆ ಅದೂ ಇಲ್ಲ. ಅಕ್ಕಿ ತುಂಬಿದ ಗೋಣಿಯನ್ನು ಅದಕ್ಕಿಂತ ದೊಡ್ಡ ಗೋಣಿಯಲ್ಲಿ ಹಾಕಿ ಹೊಲೆಯುತ್ತಾರೆ. ಬಿದ್ದ ಹೊಡೆತಕ್ಕೆ ಒಳಗಿನದು ಒಡೆದರೂ ಹೊರಗಿನದು ಅಕ್ಕಿ ಹಿಡಿದುಕೊಳ್ಳುತ್ತದೆ. ಎಷ್ಟು ಸುಲಭದ ಬುದ್ಧಿ ಅಲ್ವಾ? ನಾನಂತೂ ಅವತ್ತು ಅಡುಗೆಮನೆಯ ಅಕ್ಕಿಮೂಟೆಯನ್ನು ಸುಮ್ನೆ ನಿಂತು ನೋಡಿದೆ.

ಆರನೇ ದಿನ ಅಮ್ಮನ ಮದುವೆಯ ಲಗ್ನಪತ್ರಿಕೆ ಹುಡುಕಿದೆ. ದೇವರ ಮನೆಯ ಕಪಾಟಿನಲ್ಲಿ ಸಿಕ್ಕಿತು. 1968ರ ಮೇ 12. ಎರಡನೇ ಲಾಗ್‌ಬುಕ್ ತೆಗೆದೆ. ಕೈ ಸ್ವಲ್ಪ ನಡುಗಿತು, ಸುಳ್ಳು ಯಾಕೆ ಹೇಳಲಿ.

ಮೇ 12ರ ಎದುರಿಗೆ ಮೂರು ಹಾರಾಟ. ಮೂರೂ ಜೋರ್ಹಾಟ್‌ನಿಂದ ಎದ್ದು ಜೋರ್ಹಾಟ್‌ಗೇ ಇಳಿದದ್ದು. ನಡುವೆ ಎಲ್ಲಿಗೆ ಹೋಗಿದ್ದು ಅಂದರೆ, "ವಿಜಯನಗರ". ಷರಾ: ಸಪ್ಲೈ ಡ್ರಾಪ್, ಡಿ.ಸಿ.ಓ.

ವಿಜಯನಗರ! ನನಗೆ ಎದೆ ಧಸಕ್ ಅಂತು. ಹಂಪಿ? ತೋರಣಗಲ್ಲಿನ ವಿಮಾನ ನಿಲ್ದಾಣ? ಅದು ಆಗ ಎಲ್ಲಿತ್ತು? ಜೋರ್ಹಾಟ್‌ನಿಂದ ಎದ್ದು ಹಂಪಿಯ ಮೇಲೆ ಹಾದು ಅವತ್ತೇ ವಾಪಸ್ ಹೋಗೋಕೆ ಡಕೋಟಾ ಏನು ಪುಷ್ಪಕ ವಿಮಾನವೇ? ಎಂಟೂವರೆ ಆಗುವುದನ್ನೇ ಕಾಯ್ದು ಫೋನ್ ಮಾಡಿದೆ. ಹಿರಿಯರು ಕೆಮ್ಮುತ್ತಾ ನಕ್ಕರು. ಅದು ಅರುಣಾಚಲದ ಪೂರ್ವ ತುದಿಯ ವಿಜಯನಗರ. ಮೂರು ಕಡೆ ಬರ್ಮಾ. ಅರವತ್ತರ ದಶಕದ ಶುರುವಿನಲ್ಲಿ ಅಸ್ಸಾಂ ರೈಫಲ್ಸ್‌ನವರು ಕಾಡು ದಾಟಿ ಹೋಗಿ ನೆಲೆ ಮಾಡಿದ ಜಾಗ. ಅವರ ಹಿರಿಯ ಅಧಿಕಾರಿಯ ಮಗನ ಹೆಸರು ವಿಜಯ್, ಅದಕ್ಕೇ ಆ ಹೆಸರು. ಕೃಷ್ಣದೇವರಾಯನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಅಂದರೆ ಅಮ್ಮನ ಧಾರೆಯ ಹೊತ್ತಿಗೆ ಮಾವ ದೇಶದ ಇನ್ನೊಂದು ಮೂಲೆಯಲ್ಲಿ ಮೂಟೆ ಹಾಕುತ್ತಿದ್ದರು. ಅಮ್ಮನಿಗೆ ಹೇಳಿದೆ. ಅಮ್ಮ ಒಪ್ಪಲಿಲ್ಲ. "ವಿಮಾನ ಬಂದದ್ದು ಖರೆ. ನಾನ ಕಣ್ಣಾರೆ ನೋಡೀನಿ. ಮಾಳಿಗಿ ಮ್ಯಾಲ ಹಪ್ಪಳ ಒಣಗಾಕಿದ್ವಿ, ಗಾಳಿಗೆ ಎಲ್ಲಾ ಹಾರಿದ್ವು."

ಹಪ್ಪಳ? ಮದುವೆಯ ದಿನ ಯಾರು ಹಪ್ಪಳ ಒಣಗಿಸುತ್ತಾರೆ? ಕೆದಕಿ ಕೇಳಿದೆ. ಅಮ್ಮ ಯೋಚನೆ ಮಾಡಿದರು. ಕೊನೆಗೆ, "ಆಷಾಢಕ್ಕ ತವರಿಗೆ ಬಂದಿದ್ನಲ್ಲ, ಆವಾಗೇನೋ" ಅಂದರು. ಮದುವೆಯಾದ ಮೊದಲ ಆಷಾಢಕ್ಕೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮಲ್ಲಿ ರೂಢಿ. ಅಜ್ಜಿ ಮದುವೆಯನ್ನೂ ಆಷಾಢವನ್ನೂ ಕೂಡಿಸಿ ಒಂದೇ ಕಥೆ ಮಾಡಿಬಿಟ್ಟಿದ್ದಳು.

1968ರ ಆಷಾಢ ಜುಲೈ ತಿಂಗಳಲ್ಲಿ ಬಂದಿತ್ತು. ಜುಲೈ ಪುಟ ತಿರುಗಿಸಿದೆ. 11ನೇ ತಾರೀಕು: ಡಕೋಟಾ, ಬೇಗಂಪೇಟೆಯಿಂದ ಯಲಹಂಕ, 2 ಗಂಟೆ 10 ನಿಮಿಷ, ಡಿ.ಸಿ.ಓ.

ಇನ್ನು ಮೇಷ್ಟ್ರ ಕೆಲಸ. ಅದೇ ದಾರಿಯಲ್ಲಿ ಮಾವ ಬೇರೆ ಮೂರು ಸಲ ಹೋಗಿದ್ದರು. ಮೂರೂ ಚಳಿಗಾಲ, ಮೂರೂ ಸಲ 1 ಗಂಟೆ 50 ನಿಮಿಷದ ಆಚೀಚೆ. ಈ ಸಲ ಇಪ್ಪತ್ತು ನಿಮಿಷ ಜಾಸ್ತಿ ಯಾಕೆ? ಮ್ಯಾಪ್ ಹರಡಿದೆ. ನೇರ ದಾರಿ ಕರ್ನೂಲಿನ ಮೇಲೆ ಹಾದು, ಅನಂತಪುರವನ್ನು ಪಶ್ಚಿಮಕ್ಕೆ ಬಿಟ್ಟು ಹೋಗುತ್ತದೆ, ಸುಮಾರು 490 ಕಿಲೋಮೀಟರ್. ಬಳ್ಳಾರಿಯ ಮೇಲೆ ಬಳಸಿ ಬಂದರೆ 540. ಡಕೋಟಾದ ವೇಗ ಗಂಟೆಗೆ 270 ಕಿಲೋಮೀಟರ್ ಹಿಡಿದರೆ ಬಳಸು ದಾರಿಗೆ ಹನ್ನೊಂದು ನಿಮಿಷ. ಗುಡ್ಡಕ್ಕೆ ಎರಡು ಸುತ್ತು, ಇಳಿಯೋದು, ಏರೋದು ಸೇರಿ ಇನ್ನೊಂದು ಏಳೆಂಟು. ಹತ್ತಿರ ಹತ್ತಿರ ಇಪ್ಪತ್ತು! ರಾತ್ರಿ ಹನ್ನೆರಡಕ್ಕೆ ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ.

ಆಮೇಲೆ ಮಾವನ ಚಕ್ರ ನೆನಪಾಯಿತು. ಆಷಾಢದ ಗಾಳಿ ನೈರುತ್ಯದಿಂದ. ಹೈದರಾಬಾದಿನಿಂದ ದಕ್ಷಿಣಕ್ಕೆ ಬರುವ ವಿಮಾನಕ್ಕೆ ಅದು ಎದುರುಗಾಳಿ. ಚಕ್ರ ತಿರುಗಿಸಿ ನೋಡಿದೆ. ಎದುರುಗಾಳಿ ಇಪ್ಪತ್ತು, ಇಪ್ಪತ್ತೈದು ನಾಟ್ (ಗಂಟೆಗೆ ನಲವತ್ತು ಕಿಲೋಮೀಟರಿನ ಆಚೀಚೆ) ಇದ್ದರೆ ಸಾಕು, ಬಳ್ಳಾರಿಯನ್ನು ಮೂಸಿಯೂ ನೋಡದೆ ನೇರ ಹೋದರೂ ಹದಿನೈದು, ಇಪ್ಪತ್ತು ನಿಮಿಷ ತಡವಾಗುತ್ತದೆ. ಮಾವನೇ ಕೊಟ್ಟ ವಿದ್ಯೆ, ನನ್ನ ಲೆಕ್ಕಕ್ಕೇ ತಿರುಗಿತು.

ಹಿರಿಯರನ್ನು ನೇರವಾಗಿ ಕೇಳಿದೆ. ಹಾಗೆ ದಾರಿ ಬಿಟ್ಟು ಊರಿನ ಮೇಲೆ ಹಾದು ಹೋಗುತ್ತಿದ್ದರಾ? "ಮಾಡಬಾರದು" ಅಂದರು. ಮಾಡುತ್ತಿದ್ದರಾ? "ಮಾಡಬಾರದು ಅಂತ ಹೇಳಿದೆನಲ್ಲ. ಮಾಡಿದ್ರೂ ಅದನ್ನ ಲಾಗ್‌ಬುಕ್ಕಲ್ಲಿ ಬರೀತಾರೇನ್ರೀ?"

ಮೂರನೇ ಪುಸ್ತಕದ ಒಂದು ಸಾಲನ್ನು ಮಾತ್ರ ಅವರು ಎರಡೆರಡು ಸಲ ಓದಿಸಿದರು. 1971ರ ಡಿಸೆಂಬರ್ 11. ಟಾಂಗೈಲ್. ಢಾಕಾದ ಉತ್ತರಕ್ಕಿರುವ ಆ ಜಾಗದಲ್ಲಿ ಅವತ್ತು ಸಂಜೆ ನಮ್ಮ ಎರಡನೇ ಪ್ಯಾರಾ ಬೆಟಾಲಿಯನ್ನಿನ ಸೈನಿಕರು ಆಕಾಶದಿಂದ ಇಳಿದರು. ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಪಡೆ ಢಾಕಾ ಸೇರದ ಹಾಗೆ ಪೂಂಗ್ಲಿ ಸೇತುವೆ ಹಿಡಿಯುವುದು ಅವರ ಕೆಲಸ. ಡಕೋಟಾ, ಪ್ಯಾಕೆಟ್, ಕ್ಯಾರಿಬೂ, ಎಎನ್-12, ಎಲ್ಲ ಸೇರಿ ಐವತ್ತರಷ್ಟು ವಿಮಾನ. ಐದು ದಿನಕ್ಕೆ, 16ರಂದು, ಢಾಕಾ ಶರಣಾಯಿತು. ಮಾವನ ಪುಸ್ತಕದಲ್ಲಿ ಆ ಸಾಲಿನ ಅರ್ಧ ಗಂಟೆಗಳು ಕಪ್ಪು, ಅರ್ಧ ಕೆಂಪು. ಹೋಗುವಾಗ ಬೆಳಕಿತ್ತು, ಬರುವಾಗ ಕತ್ತಲಾಗಿತ್ತು. ಅಷ್ಟೇ ವ್ಯತ್ಯಾಸ. ಷರಾ ಅದೇ: ಡಿ.ಸಿ.ಓ. ಅಕ್ಕಿ ಹಾಕಿದ್ದಕ್ಕೂ ಅದೇ, ಮನುಷ್ಯರನ್ನು ಇಳಿಸಿದ್ದಕ್ಕೂ ಅದೇ.

ನಾಲ್ಕನೇ ಪುಸ್ತಕ ಏರ್‌ಲೈನ್ಸಿನದು. ವಿಂಗ್ ಕಮಾಂಡರ್ ಆಗಿ 1984ರಲ್ಲಿ ಬಿಟ್ಟವರು, ಇಲ್ಲಿ ಮತ್ತೆ ಬಲಗಡೆ ಸೀಟಿನ ಕೋ-ಪೈಲಟ್. ತಮಗಿಂತ ಹತ್ತು ವರ್ಷ ಚಿಕ್ಕವರನ್ನು ಕ್ಯಾಪ್ಟನ್ ಅಂತ ಕರೆಯಬೇಕು. ಅತ್ತೆ ಹೇಳಿದ ಪ್ರಕಾರ ಮಾವನಿಗೆ ಅದು ಚೂರೂ ಬೇಸರ ತಂದಿರಲಿಲ್ಲ. "ಇಲ್ಲಿ ಸಾಮಾನು ತಾನೇ ಏಣಿ ಹತ್ತಿ ಬರ್ತದೆ" ಅಂತ ನಗುತ್ತಿದ್ದರಂತೆ. ಅವ್ರೋ, ಬೋಯಿಂಗ್ 737, 1989ರಲ್ಲಿ ಹೊಸದಾಗಿ ಬಂದ ಏರ್‌ಬಸ್ ಎ-320. ಈ ಪುಸ್ತಕ ನೀರಸ, ಅದೇ ಊರುಗಳು, ಅದೇ ಹೊತ್ತು. ಆರು ತಿಂಗಳಿಗೊಮ್ಮೆ ಮೆಡಿಕಲ್. ಮೆಡಿಕಲ್ ಹತ್ತಿರ ಬಂದಾಗ ಮಾವ ಬಳ್ಳಾರಿಗೆ ಬಂದರೆ ಮಂಡಕ್ಕಿ ತಿನ್ನುತ್ತಿದ್ದರು, ಮಿರ್ಚಿ ಮುಟ್ಟುತ್ತಿರಲಿಲ್ಲ. ಆ ಮಿರ್ಚಿ ನನ್ನ ಪಾಲಿಗೆ ಬರುತ್ತಿತ್ತು. ಯಾಕೆ ಅಂತ ಈಗ ಗೊತ್ತಾಯಿತು.

ನೀರಸ ಅಂದೆ. ಒಂದು ಕಡೆ ಬಿಟ್ಟು. 1990ರ ಫೆಬ್ರವರಿ ಎರಡನೇ ವಾರ ಆದಮೇಲೆ ಪುಟ ಖಾಲಿ. ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಎ-320 ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಮಂದಿ ಹೋದರು. ಆಮೇಲೆ ತಿಂಗಳುಗಟ್ಟಲೆ ಆ ಜಾತಿಯ ವಿಮಾನಗಳನ್ನೇ ನಿಲ್ಲಿಸಿದ್ದರು. ಬೇರೆಯವರಾದರೆ ಮುಂದಿನ ಹಾರಾಟವನ್ನು ಕೆಳಗಿನ ಸಾಲಿಗೇ ಬರೆಯುತ್ತಿದ್ದರು. ಮಾವ ಇಡೀ ಒಂದು ಪುಟ ಖಾಲಿ ಬಿಟ್ಟು ಮುಂದಿನದರಲ್ಲಿ ಶುರು ಮಾಡಿದ್ದಾರೆ. ಅತ್ತೆಯನ್ನು ಕೇಳಿದೆ. "ಎರಡು ದಿನ ಮಾತಾಡಲಿಲ್ಲ" ಅಂದರು. ಅದನ್ನು ಸಭೆಯಲ್ಲಿ ಹೇಳುವುದು ಬೇಡ ಅಂತ ನಾನೇ ತೀರ್ಮಾನ ಮಾಡಿದೆ.

1999ರಲ್ಲಿ, ಐವತ್ತೆಂಟಕ್ಕೆ, ಕೊನೆಯ ಹಾರಾಟ. ಅದರ ಕೆಳಗೆ ಒಟ್ಟು ಮೊತ್ತ: 14,000 ಗಂಟೆಗಿಂತ ಸ್ವಲ್ಪ ಜಾಸ್ತಿ. ನಾನು ಎಲ್ಲ ಪುಟಗಳನ್ನೂ ಮತ್ತೆ ಕೂಡಿಸಿದೆ. ಹತ್ತು ನಿಮಿಷವೂ ತಪ್ಪಿಲ್ಲ. ಆಮೇಲೆ ಒಂದೇ ಒಂದು ಸಾಲು ಪೆನ್ಸಿಲ್ಲಿನಲ್ಲಿದೆ, ಮೊತ್ತಕ್ಕೆ ಸೇರಿಸಿಲ್ಲ. ಉಡಾನ್ ಯೋಜನೆಯಲ್ಲಿ 2017ರಲ್ಲಿ ತೋರಣಗಲ್ಲಿನಿಂದ ಹೈದರಾಬಾದಿಗೆ ಎಟಿಆರ್ ವಿಮಾನ ಶುರುವಾದಾಗ ಅತ್ತೆಯನ್ನು ಕರೆದುಕೊಂಡು ಹೋಗಿದ್ದರು. ಎದ್ದ ಹೊತ್ತು, ಇಳಿದ ಹೊತ್ತು ಬರೆದು ಪಕ್ಕದಲ್ಲಿ "ಪ್ರಯಾಣಿಕ" ಅಂತ ಹಾಕಿದ್ದಾರೆ. ಆ ಪದ ಮಾತ್ರ ಕನ್ನಡದಲ್ಲಿ.

ಇದರ ನಡುವೆ ಪಿಂಚಣಿಯ ಓಡಾಟವೂ ನಡೆದಿತ್ತು. ಅದನ್ನು ಉದ್ದಕ್ಕೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಮಾವನ ದಾಖಲೆಯಲ್ಲಿ ಅತ್ತೆಯ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. 2014ಕ್ಕೆ ಮುಂಚಿನ ಇಂಗ್ಲಿಷ್ ಕಾಗದದಲ್ಲಿ ಊರು "Bellary", ಈಚಿನದರಲ್ಲಿ "Ballari". ಇವೆರಡೂ ಒಂದೇ ಊರು ಅಂತ ಒಂದು ಕಚೇರಿಯಲ್ಲಿ ನಾನು ಮುಕ್ಕಾಲು ಗಂಟೆ ವಾದ ಮಾಡಿದೆ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಇಷ್ಟು ಮಾಡಿ: ಅವರು ಬದುಕಿರುವಾಗಲೇ ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಆಧಾರಿಗೆ ಹೊಂದುತ್ತಾ ನೋಡಿ. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಪೋರ್ಟಲಿನಲ್ಲಿದೆ, ಅಲ್ಲೇ ತಿದ್ದುಪಡಿಗೆ ಹಾಕಬಹುದು. ಮರಣ ಪತ್ರದ ಏಳೆಂಟು ಪ್ರತಿ ಒಟ್ಟಿಗೇ ತೆಗೆದಿಡಿ. ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ಸಂಬಳದ ಶೇ. 30. ಎಂಬತ್ತು ತುಂಬಿದ ಮೇಲೆ ಅದಕ್ಕೆ ಶೇ. 20 ಸೇರುತ್ತದೆ. "ಇನ್ನೂ ಮೂರು ವರ್ಷ ಬದುಕಬೇಕು ಹಂಗಾದ್ರ" ಅಂದರು ಅತ್ತೆ. ಮಾವ ಹೋದಮೇಲೆ ಅವರು ನಕ್ಕದ್ದು ಅವತ್ತೇ ಮೊದಲು.

ಹನ್ನೊಂದನೇ ದಿನ ಶಾಮಿಯಾನದ ಕೆಳಗೆ ಇನ್ನೂರು ಜನ. ಬಿಸಿಲು ಬೇರೆ, ಬಳ್ಳಾರಿಯದು. ಐದು ನಿಮಿಷ ಮಾತಾಡಿದೆ. ಬೀದರ್ ಹೇಳಿದೆ, ಎರಡು ಗೋಣಿಯ ಉಪಾಯ ಹೇಳಿದೆ, ಟಾಂಗೈಲ್ ಹೇಳಿದೆ. ಡಿ.ಸಿ.ಓ. ಅಂದರೆ ಏನು ಅಂತ ಹೇಳಿದೆ. ಕೊನೆಗೆ ಅಜ್ಜಿಯ ಕಥೆಗೆ ಬಂದೆ. ಜುಲೈ 11ರ ಇಪ್ಪತ್ತು ನಿಮಿಷದ ಲೆಕ್ಕವನ್ನು ಬಿಟ್ಟೆ. ಗೊತ್ತಿದ್ದದ್ದನ್ನಷ್ಟೇ ಹೇಳಿದೆ: "ನಮ್ಮಮ್ಮನ ಮದುವೆಯ ದಿನ ಮಾವ ವಿಮಾನದಲ್ಲೇ ಇದ್ದರು. ಅವತ್ತು ಮೂರು ಸಲ ವಿಜಯನಗರದ ಮೇಲೆ ಹೋಗಿ ಅಕ್ಕಿ ಹಾಕಿದ್ದಾರೆ. ಪುಸ್ತಕದಲ್ಲಿ ಬರೆದಿದೆ."

ಅದು ಯಾವ ವಿಜಯನಗರ ಅಂತ ಬಿಡಿಸಿ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಯಾರೋ ಮೈಕ್ ತೆಗೆದುಕೊಂಡು ಊಟಕ್ಕೆ ಏಳಿ ಅಂದರು.

ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುತ್ತಾ ಹೋದೆ. ಕೌಲ್ ಬಜಾರಿನ ಒಬ್ಬ ಅಜ್ಜ ನನ್ನ ಕೈ ಹಿಡಿದು ನಿಲ್ಲಿಸಿದರು. "ಚಲೋ ಹೇಳಿದಿ ಮೇಷ್ಟ್ರೇ. ನಾನೂ ನೋಡೀನಿ ಆ ವಿಮಾನ. ಆವಾಗ ಎಂಟನೇ ಕ್ಲಾಸ್ನಾಗಿದ್ದೆ. ಹಂಪಿ ಕಡಿಂದ ಬಂತು, ಗುಡ್ಡಕ್ಕ ಮೂರು ಸುತ್ತು ಹೊಡೀತು."

"ಎರಡು ಸುತ್ತು ಅಂತಿದ್ದಳು ಅಜ್ಜಿ" ಅಂದೆ.

"ಮೂರು" ಅಂದರು ಅವರು. "ಇನ್ನೊಂದು ಸೌಟು ಹಾಕು."